ಬಿಸಿಲು ಕಾಣದ ಕಂಬಳಿ

ಅಥವಾ ಕಂಬಳಿ ತರಲು ಗೌರಿ ಹೇಳಿರಲೇ ಇಲ್ಲವೇನೋ. ಇಷ್ಟು ವರ್ಷ ಅವಳೇ ಹೇಳಿದ್ದಳೆಂದು ನಂಬಿಕೊಂಡು ಬಂದಿದ್ದೇನೆ. ಅವಳ ದನಿಯೂ ಕಿವಿಯಲ್ಲಿದೆ: "ಅಣ್ಣ, ಅಂಗೇ ಅಗ್ಗದ ಮ್ಯಾಲಿರೋ ಕಂಬ್ಳಿ ತಗಂಡ್ ಬಾ, ಚಳಿ." ಆದರೆ ಈ ಮಾತು ತೀರಾ ಸ್ಪಷ್ಟವಾಗಿದೆ, ನನ್ನ ಅನುಮಾನವೂ ಅಲ್ಲೇ. ಆ ಪ್ರಯಾಣದ ಉಳಿದದ್ದೆಲ್ಲ ಮಸುಕು, ಹಿಂದುಮುಂದು. ಇದೊಂದು ವಾಕ್ಯ ಮಾತ್ರ ಅಲ್ಪವಿರಾಮದ ಸಮೇತ ನಿಂತಿದೆ. ನಾನು ಮೈಸೂರಿನ ಒಂದು ಮುದ್ರಣಾಲಯದಲ್ಲಿ ಪ್ರೂಫ್ ತಿದ್ದುವವನು. ಒಂದೂ ತಪ್ಪಿಲ್ಲದ ಪುಟ ಮೇಜಿಗೆ ಬಂದರೆ ನನಗಿಂತ ಮೊದಲು ಅದನ್ನು ಯಾರೋ ತಿದ್ದಿದ್ದಾರೆಂದೇ ತಿಳಿಯುತ್ತೇನೆ.

ಆದ್ದರಿಂದ ಹೋದ ದಾರಿಯನ್ನೇ ಮೊದಲಿಂದ ಬರೆಯುತ್ತೇನೆ. ದಾರಿ ಮನುಷ್ಯನಷ್ಟು ಸುಳ್ಳು ಹೇಳುವುದಿಲ್ಲ. ಮೈಸೂರು, ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ, ಹಾರನಹಳ್ಳಿಯಿಂದ ಎರಡು ಮೈಲಿ ಆಚೆಯ ಒಂದು ಊರು, ಅಲ್ಲಿಂದ ಹೆಗ್ಗಡದೇವನಕೋಟೆ, ತಿರುಗಿ ಹುಣಸೂರು. ಇದಾಗಿ ಏಳು ವರ್ಷವಾಯಿತು. ಆಗ ಜನವರಿ.

ಹೊರಟದ್ದು ಮಂಗಳವಾರ. ಹಿಂದಿನ ದಿನ ಕೆ.ಆರ್. ನಗರದಿಂದ ಅಮ್ಮ ಒಂದು ಕಾರ್ಡನ್ನು ಗುರುತಿನವರ ಕೈಲಿ ಕಳಿಸಿದ್ದಳು. ಅದು ನನ್ನ ತಂಗಿ ಗೌರಿಯ ಗಂಡ ಮಹದೇವಪ್ಪ ಅಮ್ಮನಿಗೆ ಬರೆದ ಕಾರ್ಡು. "ಊರಲ್ಲಿ ಇಲಿ ಬಿದ್ದಿವೆ. ಎಲ್ಲರೂ ಹೊಲಕ್ಕೆ ಬಂದಿದ್ದೇವೆ. ಗೌರಿಗೆ ಏಳು ತಿಂಗಳು. ಭಾವನವರು ಬಂದು ಕರೆದುಕೊಂಡು ಹೋಗುವುದು." ಇಷ್ಟೇ.

'ಇಲಿ ಬಿತ್ತು' ಎಂದರೆ ನಮ್ಮ ಕಡೆ ಬೇರೆ ವಿವರಣೆ ಬೇಡ. ಹಗಲು ಹೊತ್ತಿನಲ್ಲಿ ಸೂರಿನಿಂದ ಒಂದು ಇಲಿ ಕೆಳಗೆ ಬೀಳುತ್ತದೆ, ಕುಡಿದವನಂತೆ ಒಂದು ಸುತ್ತು ತಿರುಗಿ ಸಾಯುತ್ತದೆ. ಮರುದಿನ ಪಕ್ಕದ ಮನೆಯಲ್ಲಿ ಎರಡು. ಆಮೇಲೆ ಕಾಯುವವರಿಲ್ಲ. ಬಾಗಿಲಿಗೆ ಬೀಗ ಜಡಿದು, ದನಕರು ಹೊಡೆದುಕೊಂಡು, ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕುತ್ತದೆ. ಕಾಯುತ್ತ ಕುಳಿತರೆ ಇಲಿಗಳ ನಂತರ ಮನುಷ್ಯರ ಸರದಿ: ಜ್ವರ, ತೊಡೆಸಂದಿಯಲ್ಲೋ ಕಂಕುಳಲ್ಲೋ ಗೆಡ್ಡೆ, ನಾಲ್ಕೈದು ದಿನದಲ್ಲಿ ಮುಗಿಯುತ್ತದೆ. ಪ್ಲೇಗು ಹಳೆಯ ಕಾಲದ ಮಾತು, ಈಗ ಔಷಧಿ ಬಂದಿದೆ ಎಂದು ನಮ್ಮ ಮುದ್ರಣಾಲಯದ ಯಜಮಾನರು ರಜೆ ಕೊಡುವಾಗ ಹೇಳಿದರು. ನಾನು ತಿರುಗಿ ಬಂದ ಮೇಲೆ ನನ್ನ ಮೇಜನ್ನು ಬಾಗಿಲ ಹತ್ತಿರಕ್ಕೆ ಸರಿಸಿದವರೂ ಅವರೇ.

ರೈಲಿನಲ್ಲಿ ಕೆ.ಆರ್. ನಗರಕ್ಕೆ ಇಪ್ಪತ್ತೈದು ಮೈಲಿ. ಟಿಕೆಟ್ಟು ಹತ್ತಾಣೆಯೋ ಹನ್ನೆರಡಾಣೆಯೋ. ಚಾಮರಾಜ ನಾಲೆಯ ನೀರು ನಿಂತ ಗದ್ದೆಗಳು, ಕೊಕ್ಕರೆಗಳು. ನೋಡಲು ಏನೂ ಆಗದ ಹಾಗಿತ್ತು ದೇಶ. ಅಮ್ಮ ಹುರಿಹಿಟ್ಟು ಕಟ್ಟಿ ಇಟ್ಟಿದ್ದಳು. ಅವಳ ಚಿಕ್ಕಂದಿನಲ್ಲಿ ಇದೇ ಕಾಯಿಲೆಗೆ ಒಂದೇ ವಾರದಲ್ಲಿ ತಂದೆ, ಅಣ್ಣ ಇಬ್ಬರೂ ಹೋದವರು. ಅದರ ಬಗ್ಗೆ ಅವಳು ಯಾವತ್ತೂ ಮಾತಾಡಿದವಳಲ್ಲ. ಅವತ್ತೂ ಆಡಲಿಲ್ಲ. ಬೆಳಿಗ್ಗೆ ಹೊರಡುವಾಗ ಮಾತ್ರ ಬಾಗಿಲ ಚಿಲಕ ಹಿಡಿದುಕೊಂಡು ಹೇಳಿದಳು:

"ಬರೋವಾಗ ಒಬ್ನೇ ಬಂದ್ರೆ ಬಾಗ್ಲು ತೆಗ್ಯಾಕಿಲ್ಲ, ತಿಳ್ಕಾ."

ಬುಧವಾರ ಹುಣಸೂರು ಬಸ್ಸು. ಹದಿನಾರು ಮೈಲಿಗೆ ಎರಡು ಗಂಟೆ. ನಡುವೆ ಎರಡು ಸಲ ಎಂಜಿನ್ನಿಗೆ ನೀರು. ನನ್ನ ಮುಂದಿನ ಸೀಟಿನಲ್ಲಿ ಹೊಗೆಸೊಪ್ಪಿನ ವ್ಯಾಪಾರಿಯೊಬ್ಬ, ಹಣೆ ತುಂಬ ವಿಭೂತಿ, ಬಸ್ಸಿಗೆಲ್ಲ ಧೈರ್ಯ ಹೇಳುತ್ತಿದ್ದ.

"ಹೊಗೆಸೊಪ್ಪಿನ ಗಾಟು ಇರೋ ಕಡೆ ಪಿಳೇಗು ಸುಳಿಯಾಕಿಲ್ಲ ಕಣ್ರೀ. ಅದ್ಕೇ ನಮ್ಮ ಹುಣಸೂರು ಭದ್ರ."

"ಅಂಗಾರೆ ನಿಮ್ಮಪ್ಪಾರು ಯಾಕ್ ಓದ್ರು ಸ್ವಾಮಿ?" ಹಿಂದಿನಿಂದ ಒಂದು ದನಿ.

"ಅವ್ರು ಅದ್ಕೆ ಮುಂಚೆ ನಶ್ಯ ಬುಟ್ಬುಟ್ಟಿದ್ರು ಕಣಯ್ಯ."

ಎಲ್ಲರೂ ನಕ್ಕರು. ನಗು ಬೇಗ ನಿಂತಿತು. ನಾನೂ ನಕ್ಕೆ ಎಂದು ಬರೆಯಲು ಹೊರಟಿದ್ದೆ, ನಕ್ಕೆನೋ ಇಲ್ಲವೋ.

ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಒಂದು ಮೇಜು, ಸ್ಪಿರಿಟ್ ದೀಪ, ಬಿಳಿ ಕೋಟಿನ ಇಬ್ಬರು. ಪಿರಿಯಾಪಟ್ಟಣದ ಕಡೆ ಹೋಗುವವರೆಲ್ಲ ಸೂಜಿ ಹಾಕಿಸಿಕೊಂಡು ಚೀಟಿ ತೆಗೆದುಕೊಳ್ಳಬೇಕು; ಚೀಟಿ ಇಲ್ಲದಿದ್ದರೆ ಬಸ್ಸು ಹತ್ತಿಸರು. ಸೂಜಿ ಕಂಡು ಒಬ್ಬ ಗಂಡಸು ಮೂತ್ರಕ್ಕೆ ಹೋಗಿ ಬರುತ್ತೇನೆಂದು ಹೋದವನು ತಿರುಗಿ ಬರಲಿಲ್ಲ. "ಇವತ್ತು ಕೈ ಊದುತ್ತೆ, ಜ್ವರ ಬರುತ್ತೆ, ಗಾಬರಿ ಬೇಡ," ಎಂದರು ನನಗೆ ಚುಚ್ಚಿದವರು. ಆ ಚೀಟಿ ಇನ್ನೂ ನನ್ನ ಹತ್ತಿರ ಇದೆ. ತಾರೀಖಿನ ಮೇಲೆ ಬೆವರು ಬಿದ್ದು ಶಾಯಿ ಹರಡಿದೆ.

ಲಕ್ಷ್ಮಣತೀರ್ಥದ ಸೇತುವೆ ದಾಟುವಾಗಲೇ ತೋಳು ಭಾರವಾಗಿತ್ತು. ಪಿರಿಯಾಪಟ್ಟಣದಲ್ಲಿ ಇಳಿದಾಗ ಮೈ ಬಿಸಿ. ಅಲ್ಲಿಂದ ಒಂದು ಖಾಲಿ ಗಾಡಿ ಹಾರನಹಳ್ಳಿ ಕಡೆ ಹೋಗುತ್ತಿತ್ತು. ನಾನು ಯಾವ ಊರಿಗೆ ಎಂದು ಹೇಳಿದ ಮೇಲೆ ಗಾಡಿಯವನು ಹಾರನಹಳ್ಳಿಯಲ್ಲೇ ಇಳಿಸಿಬಿಟ್ಟ. "ಮುಂದ್ಕೆ ಎತ್ತು ಬರಾಕಿಲ್ಲ ಬುದ್ಧಿ," ಎಂದ. ಎತ್ತುಗಳು ಏನೂ ಹೇಳಲಿಲ್ಲ. ಉಳಿದ ಎರಡು ಮೈಲಿ ನಡೆದೆ. ಕೊಯ್ದ ರಾಗಿ ಹೊಲದ ಕೂಳೆ, ಅವರೆ ಹೂವಿನ ಸೊಗಡು, ಹಿಂದಿನಿಂದ ಬಿಸಿಲು. ಕಂಕುಳಿಗೆ ಕೈಹಾಕಿ ಗೆಡ್ಡೆ ಇದೆಯೇ ಎಂದು ಮುಟ್ಟಿ ನೋಡಿಕೊಳ್ಳುವ ಚಟ ಆ ದಾರಿಯಲ್ಲೇ ಶುರುವಾಯಿತು. ಇನ್ನೂ ಹೋಗಿಲ್ಲ.

ಊರಿನ ಮುಂದಿನ ಹೊಲಗಳಲ್ಲಿ ನಲವತ್ತೋ ಐವತ್ತೋ ಗುಡಿಸಲು. ಅಡಕೆಯ ಗರಿ, ಜೋಳದ ಕಡ್ಡಿ, ಹಳೆಯ ಗೋಣಿ, ಸಿಕ್ಕಿದ್ದರಲ್ಲಿ ಹೊದಿಸಿದ್ದರು. ಬೇಲಿಗಳ ಮೇಲೆ ಹಾಸಿಗೆ, ಸೀರೆ, ಚಾಪೆ ಹರವಿತ್ತು. ಇಬ್ಬನಿಗೆ ನೆನೆದದ್ದನ್ನು ಒಣಹಾಕಿದ್ದಾರೆಂದುಕೊಂಡೆ. ಯಾರನ್ನೂ ಕೇಳಲಿಲ್ಲ. ಕೇಳಬೇಕಾಗಿತ್ತು.

ಗೌರಿಯ ಅತ್ತೆ ನಂಜಮ್ಮನವರು ಗುಡಿಸಲ ಮುಂದೆ ಒಂದು ಕಾಲು ನೀಡಿಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಅರವತ್ತರ ಆಚೆಯ, ಒಣಗಿದ, ನೆಟ್ಟಗಿನ ಹೆಂಗಸು. ಕೊರಳಲ್ಲಿ ಲಿಂಗದ ಕರಡಿಗೆ, ಸೊಂಟದಲ್ಲಿ ಬೀಗದ ಕೈ.

"ಬಾರಪ್ಪ, ಬಾ. ಊರ್ ಬುಟ್ಟ ಮ್ಯಾಲೆ ನೆಂಟ್ರು ಕಮ್ಮಿ ಆಯ್ತಾರೆ ಅನ್ಕಂಡಿದ್ದೆ," ಎಂದರು. ನನ್ನ ಮುಖ ಕೆಂಪಾಗಿರುವುದು ಕಂಡು ಕೈ ಹಿಂದೆಳೆದುಕೊಂಡರು. ನಾನು ಚೀಟಿ ತೋರಿಸಿದೆ. ಓದಲು ಬಾರದಿದ್ದರೂ ಹಿಡಿದು ನೋಡಿ ವಾಪಸು ಕೊಟ್ಟರು. "ಸೂಜಿ ಜ್ವರ. ಬುಡು, ಅದು ಸರ್ಕಾರದ್ದು."

ಮಹದೇವಪ್ಪ ಇರಲಿಲ್ಲ. ಸೋಮವಾರವೇ ಗಾಡಿ ಕಟ್ಟಿಕೊಂಡು ಬಿದಿರು ತರಲು ಹೆಗ್ಗಡದೇವನಕೋಟೆಗೆ ಹೋಗಿದ್ದ. ಊರಿಗೆ ಯಾವಾಗ ಹಿಂದಿರುಗುವುದೋ ಗೊತ್ತಿಲ್ಲ, ಗುಡಿಸಲು ಗಟ್ಟಿಯಾಗಬೇಕು. ಶನಿವಾರ ಭಾನುವಾರದೊಳಗೆ ಬರುತ್ತಾನೆ. ಅವನು ಬರುವ ಮುಂಚೆ ಗೌರಿ ಹೊರಡುವಳಲ್ಲ.

"ನಾಳೇನೇ ಕರ್ಕಂಡೋಗು ಅಂತೀನಿ ನಾನು," ನಂಜಮ್ಮನವರೆಂದರು. "ಕೇಳಾಕಿಲ್ಲ ಇವ್ಳು. ಗಂಡನ ಮಕ ನೋಡ್ದೆ ಓದ್ರೆ ಕೂಸು ಮಕ ತಿರುಗಿಸ್ಕತದಂತೆ."

"ಅತ್ತೆ, ನೀವೇ ಅಲ್ವಾ ಅಂಗಂದಿದ್ದು!" ಒಳಗಿನಿಂದ ಗೌರಿ.

"ನಾನು ಏನೇನೋ ಅಂತೀನಿ. ಎಲ್ಲಾನೂ ಕೇಳ್ತೀಯಾ ನೀನು?"

ಗೌರಿ ಬಂದಳು. ಹೊಟ್ಟೆ ಮುಂದೆ ಬಂದು ಮುಖ ಸಣ್ಣಗಾಗಿತ್ತು. ಕೈಯಲ್ಲಿ ಎಣ್ಣೆ ಗಿಂಡಿ, ಬತ್ತಿ. ಹೊತ್ತು ಮುಳುಗುತ್ತಿತ್ತು. ಎಲ್ಲಿಗೆ ಎಂದೆ. "ದೀಪ ಹಚ್ಚಿ ಬತ್ತೀನಣ್ಣ, ಈಗ ಬಂದೆ," ಎಂದು ಅತ್ತೆಯ ಸೊಂಟದಿಂದ ಬೀಗದ ಕೈ ತೆಗೆದುಕೊಂಡು ಊರ ಕಡೆ ನಡೆದಳು. ನಾನು ನೋಡುತ್ತ ನಿಂತೆ. ಪಕ್ಕದ ಗುಡಿಸಲುಗಳಿಂದಲೂ ಒಬ್ಬೊಬ್ಬ ಹೆಂಗಸು ಹಾಗೇ ಎಣ್ಣೆ ಬತ್ತಿ ಹಿಡಿದು ಹೊರಟಿದ್ದರು. ಬಿಟ್ಟ ಊರಿನ ಒಂದೊಂದೇ ಮನೆಯಲ್ಲಿ ಬೆಳಕು ಕಂಡಿತು. ನೋಡಲು ಚೆನ್ನಾಗಿತ್ತು. ಹಾಗೆ ಅನ್ನಿಸಿದ್ದನ್ನು ಮುಚ್ಚಿಡುವುದಿಲ್ಲ.

ಇದು ಆ ಕಡೆಯ ರೂಢಿ. ಜನ ಹೊಲಕ್ಕೆ ಬರಬಹುದು, ದನ ಬರಬಹುದು, ದೇವರ ಗೂಡು ಬರುವುದಿಲ್ಲ. ಆ ಗೂಡಿನ ದೀಪ ಒಂದು ಸಂಜೆಯೂ ತಪ್ಪಬಾರದು. ತಪ್ಪಿದರೆ ಮನೆ ಪಾಳು ಬಿದ್ದ ಲೆಕ್ಕ. ಭಾನುವಾರದವರೆಗೆ ನಂಜಮ್ಮನವರೇ ಹೋಗಿ ಹಚ್ಚುತ್ತಿದ್ದರು. ಕಾಲು ನೋವೆಂದು ಸೋಮವಾರದಿಂದ ಗೌರಿ.

ಗುರುವಾರ ಇಡೀ ದಿನ ಅದನ್ನೇ ವಾದಿಸಿದೆ. ಬಸುರಿ ಹೆಂಗಸು ಇಲಿ ಬಿದ್ದ ಮನೆಯೊಳಕ್ಕೆ ಹೋಗುವುದು ಬೇಡ. ಇಲಿಗಳೆಲ್ಲ ಸತ್ತಾಯಿತಲ್ಲ, ಇನ್ನೇನು ಭಯ ಎಂದಳು ಗೌರಿ. ಅದು ನನಗೂ ನಿಜಕ್ಕೂ ಸರಿಯೆನ್ನಿಸಿತು. ಆದರೂ ಸಂಜೆ ನಾನೇ ಹೋಗುತ್ತೇನೆಂದು ಹಟ ಹಿಡಿದೆ.

"ಗಂಡಸು ಬತ್ತಿ ಹೊಸೆದ್ರೆ ದೇವ್ರು ನಗ್ತದೆ ಕಣಪ್ಪ," ಎಂದರು ನಂಜಮ್ಮನವರು.

"ನಗಲಿ ಬಿಡಿ ಅತ್ತೆ. ಅಳೋದಕ್ಕಿಂತ ವಾಸಿ."

ಅವರು ಬೀಗದ ಕೈ ಬಿಚ್ಚಿ ಕೊಟ್ಟರು.

ಕಂಬಳಿ ತಾ ಎಂದು ಗೌರಿ ಹೇಳಿದ್ದರೆ ಅದು ಈಗ, ನಾನು ಎದ್ದು ಪಂಚೆ ಕೊಡವಿಕೊಂಡಾಗ.

ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಕೋಳಿಯಿಲ್ಲ, ಕೆಮ್ಮಿಲ್ಲ, ಒನಕೆಯ ಸದ್ದಿಲ್ಲ. ಬೀಗ ತೆಗೆದಾಗ ಬಾಗಿಲು ಕಿರುಗುಟ್ಟಿದ್ದು ಊರಿಗೆಲ್ಲ ಕೇಳಿಸಿದಂತಾಯಿತು. ಒಳಗೆ ರಾಗಿಯ ಧೂಳಿನ ವಾಸನೆ, ಅದರ ಕೆಳಗೆ ಇನ್ನೊಂದು ವಾಸನೆ. ನಡುಮನೆಯಲ್ಲಿ ಆಳೆತ್ತರದ ಮಣ್ಣಿನ ವಾಡೆಗಳು ಸಾಲಾಗಿ ನಿಂತಿದ್ದವು, ರಾಗಿ ತುಂಬಿಕೊಂಡು. ಒಂದು ಇಲಿ ಸತ್ತು ಬಿದ್ದಿತ್ತು. ಎಲ್ಲಿ? ಒಂದು ಸಲ ನೆನೆದರೆ ಒರಳಕಲ್ಲಿನ ಪಕ್ಕದಲ್ಲಿದೆ. ಇನ್ನೊಂದು ಸಲ ವಾಡೆಯ ಬುಡದಲ್ಲಿ. ಎರಡು ಇದ್ದವೇನೋ. ಒಂದೂ ಇರಲಿಲ್ಲವೇನೋ, ಆಮೇಲೆ ಕೇಳಿದ ಮಾತುಗಳಿಂದ ಇಲಿಯನ್ನು ನಾನೇ ತಂದು ಅಲ್ಲಿ ಹಾಕಿಕೊಂಡಿರಬಹುದು.

ಕಾಲಿಗೆ ಕಚ್ಚಿದ್ದು ಮಾತ್ರ ಖಂಡಿತ. ಬತ್ತಿ ಎಣ್ಣೆಯಲ್ಲಿ ಅದ್ದಿ ಕಡ್ಡಿ ಗೀರುವಷ್ಟರಲ್ಲಿ ಪಾದದ ಹರಡಿನ ಸುತ್ತ ಚುರುಚುರು ಎಂದಿತು. ಬಗ್ಗಿ ಕೆರೆದುಕೊಂಡೆ. ದೀಪ ಹತ್ತಿತು. ಆ ಬೆಳಕಿನಲ್ಲಿ ಅಡ್ಡ ಕಟ್ಟಿದ ಹಗ್ಗದ ಮೇಲೆ ಕರಿಯ ಕಂಬಳಿ. ಎಳೆದುಕೊಂಡೆ, ಹೆಗಲಿಗೆ ಹಾಕಿಕೊಂಡೆ, ಬೀಗ ಹಾಕಿದೆ. ದಾರಿಯಲ್ಲಿ ಒಂದು ಸಲ ತಿರುಗಿ ನೋಡಿದೆ. ಕಿಟಕಿಯಿಲ್ಲದ ಮನೆ, ಬಾಗಿಲ ಸಂದಿನಲ್ಲಿ ಒಂದು ಗೆರೆ ಬೆಳಕು.

ಗೌರಿ ಗುಡಿಸಲ ಮುಂದೆ ಮುದುಡಿ ಕುಳಿತಿದ್ದಳು. ಕಂಬಳಿ ಹೊದಿಸಿದೆ. ಅಥವಾ ಅವಳೇ ಕೈ ಚಾಚಿ ತೆಗೆದುಕೊಂಡಳು. ನಂಜಮ್ಮನವರು ಒಲೆಯ ಮುಂದಿದ್ದವರು ತಿರುಗಿದರು.

"ಏನದು? ಎಲ್ಲಿಂದ ತಂದೆ?"

"ಮನೆಯಿಂದ, ಅತ್ತೆ."

ನೋಯುವ ಕಾಲಿನ ಆ ಮುದುಕಿ ಅಷ್ಟು ಬೇಗ ಏಳುವುದು ಸಾಧ್ಯವೆಂದು ನಾನು ತಿಳಿದಿರಲಿಲ್ಲ. ಬಂದವರೇ ಕಂಬಳಿ ಕಿತ್ತುಕೊಂಡರು. "ಒಳಗಿಂದು ಒಂದಿಡೀ ದಿನ ಬಿಸ್ಲು ಕಾಣ್ದೆ ಯಾರ್ ಮೈಗೂ ಸೋಕಬಾರ್ದು ಕಣಪ್ಪೋ! ಇಷ್ಟೂ ಗೊತ್ತಿಲ್ವಾ ನಿಂಗೆ? ಓದ್ದೋನು!" ಎಂದು ಅದನ್ನು ಎರಡು ಕೈಯಲ್ಲಿ ಎದೆಗೆ ಅವುಚಿಕೊಂಡು ಬೇಲಿಯ ಕಡೆ ಕುಂಟುತ್ತ ಹೋದರು. ಹರವಿ, ಮೇಲೆ ಹುಳ ಓಡಿಸುವ ಲಕ್ಕಿಸೊಪ್ಪು ಎಸೆದು ಬಂದರು. ಬೇಲಿಗಳ ಮೇಲೆ ಹಾಸಿಗೆ ಯಾಕಿತ್ತೆಂದು ನನಗೆ ಆಗ ತಿಳಿಯಿತು. ಸೂರ್ಯ ಆಗಲೇ ಮುಳುಗಿದ್ದ.

ಕಂಬಳಿ ಗೌರಿಯ ಮೈಮೇಲೆ ಎಷ್ಟು ಹೊತ್ತು ಇತ್ತು? ಒಂದು ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಎಂದು ಬಹಳ ಕಾಲ ಹೇಳುತ್ತಿದ್ದೆ. ನಾನು ಎಲೆಯಡಿಕೆ ಹಾಕುವವನಲ್ಲ.

ಶುಕ್ರವಾರ ಬೆಳಿಗ್ಗೆ ಹೆಲ್ತ್ ಇನ್ಸ್‌ಪೆಕ್ಟರು ಸೈಕಲ್ಲಿನಲ್ಲಿ ಬಂದರು. ಕ್ಯಾರಿಯರಿಗೆ ಸೂಜಿಯ ಪೆಟ್ಟಿಗೆ, ಹ್ಯಾಂಡಲಿಗೆ ಡಿ.ಡಿ.ಟಿ. ಪುಡಿಯ ಚೀಲ. ನಿದ್ದೆಗೆಟ್ಟ ಕಣ್ಣಿನ, ಜಗಳಗಂಟ ಮನುಷ್ಯ. ನಂಜಮ್ಮನವರ ಸೊಂಟದ ಬೀಗದ ಕೈ ನೋಡಿ ಶುರು ಮಾಡಿದರು.

"ದೀಪಕ್ಕೆ ಯಾರು ಹೋಗ್ತಿದ್ದೀರಿ ಈ ಮನೆಯಿಂದ?"

ನಂಜಮ್ಮನವರು ಬೀಗದ ಕೈಯನ್ನು ಸೆರಗಿನೊಳಗೆ ಸೇರಿಸಿದರು.

"ಊರು ಬಿಡ್ತೀರಿ, ಬುದ್ಧಿವಂತರು. ಬಿಟ್ಟ ಮೇಲೆ ದಿನಾ ಸಂಜೆ ಒಬ್ಬರನ್ನ ಒಳಕ್ಕೆ ಕಳಿಸ್ತೀರಿ. ಇಲಿ ಸತ್ತರೆ ಅದರ ಮೈಮೇಲಿನ ಚಿಗಟ ಸಾಯುತ್ತಾ? ಇಲಿ ತಣ್ಣಗಾದ ತಕ್ಷಣ ಇಳಿದು ಕಾಯ್ತಾ ಕೂತಿರುತ್ತೆ. ಹಸಿದಿರುತ್ತೆ. ಜನ ತುಂಬಿದ ಮನೆಗಿಂತ ಖಾಲಿ ಮನೆ ಮೋಸ. ಒಳಗೆ ಬರೋ ಬೆಚ್ಚಗಿನ ಮೈ ಒಂದೇ, ಅದು ದೀಪ ಹಚ್ಚೋಳದು!"

"ದೀಪ ಹಚ್ದೆ ಇರಾಕಾಯ್ತದಾ ಸ್ವಾಮಿ?" ಎಂದರು ನಂಜಮ್ಮನವರು, ಮೆತ್ತಗೆ.

"ಇಲ್ಲೇ ಹಚ್ಚಿ ಅಮ್ಮ. ದೇವರಿಗೆ ದಾರಿ ಗೊತ್ತಿಲ್ವಾ?"

ಎಲ್ಲರಿಗೂ ಸೂಜಿ ಹಾಕಿದರು. ಗೌರಿಗೆ ಯೋಚನೆ ಮಾಡಿ, ಸ್ವಲ್ಪ ಕಡಿಮೆ ಮದ್ದು. ನಂಜಮ್ಮನವರು ತೋಳು ಕೊಟ್ಟರು, ಕಾಲಿನ ಮಾತು ಎತ್ತಲಿಲ್ಲ. ನಾನು ಇನ್ಸ್‌ಪೆಕ್ಟರನ್ನು ಬೇಲಿಯ ಆಚೆ ಕರೆದುಕೊಂಡು ಹೋಗಿ ಕಂಬಳಿಯ ವಿಷಯ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಆರು ದಿನ," ಎಂದರು. "ಆರು ದಿನ ಕಳೀಲಿ. ಆಕೆಯನ್ನ ಈಗ ಕೆ.ಆರ್. ನಗರಕ್ಕೆ ಕರ್ಕೊಂಡು ಹೋಗಬೇಡಿ. ನೀವೂ ಹೋಗಬೇಡಿ. ಜ್ವರ ಬಂದರೆ ಹುಣಸೂರಿಗೆ. ಊರಾಚೆ ಷೆಡ್ಡು ಹಾಕಿದ್ದಾರೆ, ಹೊಸ ಔಷಧಿ ಬಂದಿದೆ. ಬೇಗ ಹೋದರೆ ಉಳೀತಾರೆ." ಕಂಬಳಿಗೆ ಎರಡೂ ಕಡೆ ಪುಡಿ ಹೊಡೆದು ಹೋದರು.

ಶನಿವಾರ ಬೆಳಿಗ್ಗೆ ಗೌರಿಯ ಮೈ ಸುಡುತ್ತಿತ್ತು.

ಸೂಜಿಯ ಜ್ವರವೇ ಇರಬಹುದೆಂದು ಪಕ್ಕದ ಗುಡಿಸಲಿನವರು ಹೇಳಿದರು. ಇರಬಹುದು. ಇಲ್ಲದಿದ್ದರೆ? ಆ ಜ್ವರಕ್ಕೂ ಈ ಜ್ವರಕ್ಕೂ ಮೊದಲ ದಿನ ಗುರುತಿಲ್ಲ. ಅವರ ಗಾಡಿಯನ್ನೇ ಕಟ್ಟಿಸಿದೆ. ಹುಲ್ಲು ಹಾಸಿ ಗೌರಿಯನ್ನು ಮಲಗಿಸಿದೆವು. ನಂಜಮ್ಮನವರು ತಾವೇ ಜೊತೆಗೆ ಹೋಗುವುದಾಗಿ ಹತ್ತಿದರು. ಹತ್ತುವಾಗ ಎರಡು ಸಲ ಜಾರಿದರು. "ನಿಮ್ಮ ಕಾಲು?" ಎಂದೆ. "ಕಾಲಿಗೇನು, ಅದು ಹಳೇದು," ಎಂದರು. ಗೌರಿ ಕಣ್ಣು ಮುಚ್ಚಿಕೊಂಡೇ, "ಅವ್ರನ್ನ ಕರ್ಕಂಬಾ ಅಣ್ಣ," ಎಂದಳು. ಅವರು ಎಂದರೆ ಗಂಡ. ಗಾಡಿ ನಿಧಾನ, ಹುಣಸೂರು ಸೇರುವುದು ಸಂಜೆ. ನಾನು ಮುಂದೆ ನಡೆದು ಪಿರಿಯಾಪಟ್ಟಣದಲ್ಲಿ ಬಸ್ಸು ಹಿಡಿದು, ಹುಣಸೂರಿನ ಷೆಡ್ಡಿನಲ್ಲಿ ಹೇಳಿ, ಅಲ್ಲಿಂದ ಹೆಗ್ಗಡದೇವನಕೋಟೆಗೆ ಹೋಗಿ ಮಹದೇವಪ್ಪನನ್ನು ಕರೆತರುವುದೆಂದು ಗೊತ್ತಾಯಿತು. ಆರು ದಿನ ಎಲ್ಲೂ ಹೋಗಬೇಡಿ ಎಂದು ನನಗೂ ಹೇಳಿದ್ದರು. ಹೋದೆ.

ಕೋಟೆಯ ಬಸ್ಸಿನಲ್ಲಿ ಇಪ್ಪತ್ತು ಮೈಲಿ ಕಿಟಕಿಗೆ ಒತ್ತಿ ಕುಳಿತೆ, ಯಾರಿಗೂ ತಾಗದ ಹಾಗೆ. ಪಕ್ಕದಲ್ಲಿ ಮಲೆಯಾಳಿ ಮಾಪಿಳ್ಳೆಯೊಬ್ಬ, ಮಾನಂದವಾಡಿಗೆ ಹೋಗುವವನು, ಬಾಳೆಹಣ್ಣು ಕೊಡಲು ಬಂದ. ಬೇಡವೆಂದೆ. ಮತ್ತೆ ಕೊಡಲು ಬಂದ. ನಾನು ಪಂಚೆಯ ಅಂಚು ಇಳಿಬಿಟ್ಟು ಹರಡಿನ ಮೇಲಿನ ಕೆಂಪು ಚುಕ್ಕೆಗಳನ್ನು ಮುಚ್ಚಿಕೊಂಡೆ. ಕಾಡು ಹತ್ತಿರವಾದಂತೆ ಗಾಳಿ ತಣ್ಣಗಾಯಿತು. ನಾನು ಬೆವರುತ್ತಿದ್ದೆ. ಹೆದರಿಕೆಗೂ ಜ್ವರಕ್ಕೂ ಬೆವರು ಒಂದೇ.

ಬಿದಿರು ಡಿಪೋ ಊರಿನ ಕೊನೆಯಲ್ಲಿ. ಮಹದೇವಪ್ಪ ಗಾಡಿಗೆ ಬಿದಿರು ಹೇರಿ ಹಗ್ಗ ಬಿಗಿಯುತ್ತಿದ್ದ. ನನ್ನನ್ನು ಕಂಡು ಹಲ್ಲು ಬಿಟ್ಟ.

"ಏನ್ ಭಾವ, ಇಲ್ಲೀಗಂಟ ಬಂದ್ರಿ? ನಿಮ್ಮ ತಂಗಿ ಅಲ್ಲಿಂದ್ಲೂ ಓಡಿಸ್ಬುಟ್ಲಾ?"

ಹೇಳಿದೆ. ಅವನ ಕೈ ಹಗ್ಗದ ಮೇಲೆ ಹಾಗೇ ನಿಂತಿತು. ಗಂಟು ಹಾಕುವುದನ್ನು ಮುಗಿಸಿದ. ಮುಗಿಸಿ ಮತ್ತೆ ಬಿಚ್ಚಿದ. ಆಮೇಲೆ ಕೇಳಿದ:

"ಅವ್ವನ ಕಾಲು ಎಂಗದೆ?"

"ಯಾಕೆ?"

"ಸೋಮಾರ ನಾನು ಹೊರಡೋವಾಗ್ಲೇ ಎಳೀತಿದ್ಲು. ಮಂಡಿ ಅಂದ್ಲು. ಕೈ ಮಾತ್ರ ಮ್ಯಾಲಕ್ಕೆ ಇಟ್ಕಂಡಿದ್ಲು."

ತನ್ನ ತೊಡೆಯ ಬುಡದಲ್ಲಿ ಕೈಯಿಟ್ಟು ತೋರಿಸಿದ. ಅಥವಾ ಸುಮ್ಮನೆ ತೊಡೆಯ ಮೇಲೆ. ಈ ಒಂದು ಕೈಯನ್ನು ಏಳು ವರ್ಷದಿಂದ ಮೇಲೆ ಕೆಳಗೆ ಸರಿಸುತ್ತಿದ್ದೇನೆ.

ಗಾಡಿಯನ್ನು ಡಿಪೋದಲ್ಲೇ ಬಿಟ್ಟು ಭಾನುವಾರದ ಮೊದಲ ಬಸ್ಸಿಗೆ ಹುಣಸೂರಿಗೆ ಬಂದೆವು. ಷೆಡ್ಡು ಊರಾಚೆ ಬಯಲಿನಲ್ಲಿ, ತಟ್ಟಿ ಗೋಡೆ, ಹುಲ್ಲಿನ ಸೂರು. ಬಾಗಿಲಲ್ಲಿ ಗೌರಿ ಕುಳಿತು ಗಂಜಿ ಕುಡಿಯುತ್ತಿದ್ದಳು. ನಮ್ಮನ್ನು ಕಂಡು ಲೋಟ ಕೆಳಗಿಟ್ಟಳು. ಅವಳ ಜ್ವರ ಹಿಂದಿನ ಸಂಜೆಯೇ ಇಳಿದಿತ್ತು. ಸೂಜಿಯ ಜ್ವರ. ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಆ ಒಂದು ಗಳಿಗೆಯ ಸಂತೋಷವನ್ನು ನಾನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ, ಯಾಕೆಂದರೆ ಗೌರಿ ನಗುತ್ತಿರಲಿಲ್ಲ. ಅವಳು ಒಳಕ್ಕೆ ಕೈ ತೋರಿಸಿದಳು.

ನಂಜಮ್ಮನವರು ಚಾಪೆಯ ಮೇಲಿದ್ದರು. ಸೊಸೆಯನ್ನು ಮಲಗಿಸಿ, ನೀರು ಕುಡಿಸಿ, ಜ್ವರ ಇಳಿದದ್ದು ನೋಡಿ, ಆಮೇಲೆ ತಾವು ಮಲಗಿದರಂತೆ. ಮತ್ತೆ ಏಳಲಿಲ್ಲ. ತೊಡೆಸಂದಿಯಲ್ಲಿ ಗೆಡ್ಡೆ. ದಾದಿ ಕಂಡುಹಿಡಿಯುವವರೆಗೂ ಯಾರಿಗೂ ಹೇಳಿರಲಿಲ್ಲ.

ಡಾಕ್ಟರು ಕೇಳಿದರು, ಕಾಲು ನೋವು ಯಾವತ್ತಿನಿಂದ? ಸೋಮವಾರದಿಂದ ಎಂದ ಮಹದೇವಪ್ಪ. ಆ ಮಂಡಿ ನೋವು ನಾನು ಮದುವೆಯಾಗಿ ಬಂದಾಗಿನಿಂದಲೂ ಇದೆ ಎಂದಳು ಗೌರಿ. ಗುರುವಾರ ಸಂಜೆ ಎದ್ದು ಓಡಿದರಲ್ಲ ಎಂದೆ ನಾನು. ಹಳೇದು, ಹಳೇದು ಎಂದರು ನಂಜಮ್ಮನವರು. ಡಾಕ್ಟರು ಪುಸ್ತಕದಲ್ಲಿ ಏನೋ ಒಂದು ಬರೆದುಕೊಂಡರು. ಸೋಮವಾರವೇ ಗೆಡ್ಡೆ ಎದ್ದಿದ್ದರೆ ಭಾನುವಾರದವರೆಗೆ ತಡೆಯುತ್ತಿದ್ದರೇ ಎಂದು ಅವರನ್ನು ಕೇಳಿದೆ. "ಸಾಮಾನ್ಯವಾಗಿ ಇಲ್ಲ," ಎಂದರು. "ಕಂಬಳಿಯಿಂದ ಗುರುವಾರ ತಗುಲಿ ಶನಿವಾರಕ್ಕೇ ಬರಬಹುದೇ?" "ಬರಬಹುದು." ಪುಸ್ತಕ ಮುಚ್ಚಿ, "ಆಕೆ ಭಾನುವಾರದವರೆಗೆ ದಿನಾ ಆ ಮನೆಯೊಳಗೆ ಹೋಗಿದ್ದಾರಲ್ಲ. ಅದರಿಂದಲೂ ಬರಬಹುದು. ಹೇಳಕ್ಕಾಗಲ್ಲ," ಎಂದರು.

ಔಷಧಿ ಚುಚ್ಚಿದರು. ಸೋಮವಾರ ಸ್ವಲ್ಪ ವಾಸಿಯೆನ್ನಿಸಿತು. ಕಣ್ಣು ಬಿಟ್ಟು ನನ್ನನ್ನು ಹತ್ತಿರ ಕರೆದರು.

"ಕಂಬ್ಳಿ ಬೇಲಿ ಮ್ಯಾಲೇ ಅದೆ ಕಣಪ್ಪ. ಇಬ್ನಿಗೆ ನೆನೀತದೆ. ಬಿಸ್ಲಿಗೆ ಬುಟ್ಟು ಒಳೀಕೆ ತಗೊಳ್ಳಾಕೇಳು. ಗೌರಿಗೆ ಚಳಿ ತಡ್ಯಾಕಾಗಾಕಿಲ್ಲ."

ಮಂಗಳವಾರ ಬೆಳಿಗ್ಗೆ ಹೋದರು. ಹುಣಸೂರಿನಲ್ಲೇ, ನಾಲ್ಕು ಜನ, ಕುಳಿತ ಭಂಗಿಯಲ್ಲಿ ಮಣ್ಣು ಮಾಡಿದೆವು. ಊರಿನವರು ಬರುವಂತಿರಲಿಲ್ಲ.

ನಾವು ಮೂವರೂ ಷೆಡ್ಡಿನಲ್ಲೇ ಉಳಿದೆವು, ಮಂಗಳವಾರದಿಂದ ಮತ್ತೆ ಆರು ದಿನ ಎಣಿಸಿದರು. ನಾನು ದಿನಕ್ಕೆ ಎಷ್ಟು ಸಲ ಕಂಕುಳು ಮುಟ್ಟಿಕೊಂಡೆನೋ. ಏನೂ ಬರಲಿಲ್ಲ. ಕಚ್ಚಿಸಿಕೊಂಡವನು ನಾನು, ಕಂಬಳಿ ಹೊತ್ತು ತಂದವನು ನಾನು, ನನಗೆ ಏನೂ ಬರಲಿಲ್ಲ. ಏಳನೆಯ ದಿನ ಗೌರಿಯನ್ನು ಕರೆದುಕೊಂಡು ಕೆ.ಆರ್. ನಗರದ ಬಸ್ಸು ಹತ್ತಿದೆ. ಸೇತುವೆಯ ಈಚೆಯಿಂದ ತಿರುಗಿ ನೋಡಿದೆ. ಷೆಡ್ಡು ಕಾಣುವುದಿಲ್ಲ, ಅದರ ಹಿಂದಿನ ಆಲದ ಮರ ಕಾಣುತ್ತದೆ. ಅಮ್ಮ ಬಾಗಿಲು ತೆರೆದಳು.

ಮಾರ್ಚಿನಲ್ಲಿ ಹೆಣ್ಣು ಮಗುವಾಯಿತು. ಯಾರ ಹೆಸರಿಟ್ಟರೆಂದು ಓದುವವರು ಊಹಿಸಿರಬಹುದು, ಆ ಹೆಸರಿಡಲಿಲ್ಲ. ಹೆದರಿದರು.

ಕಂಬಳಿ ಸಿಗಲಿಲ್ಲ. ಮಹದೇವಪ್ಪ ಹೋದಾಗ ಬೇಲಿ ಖಾಲಿಯಿತ್ತು. ಇನ್ಸ್‌ಪೆಕ್ಟರು ಸುಟ್ಟರೆಂದು ಕೆಲವರು, ಅವರು ಆಮೇಲೆ ಆ ಕಡೆ ಬರಲೇ ಇಲ್ಲವೆಂದು ಕೆಲವರು. ಚಳಿಗೆ ಯಾರೋ ತೆಗೆದುಕೊಂಡು ಹೋಗಿರಬಹುದು. ಯಾರು, ಅವರಿಗೆ ಏನಾಯಿತು, ವಿಚಾರಿಸುವ ಧೈರ್ಯ ನನಗಿರಲಿಲ್ಲ.

ಕಳೆದ ತಿಂಗಳು ಗೌರಿ ಬಂದಿದ್ದಾಗ ಮೊದಲ ಸಲ ಕೇಳಿದೆ. ಅವಳು ಮಗಳ ತಲೆ ಬಾಚುತ್ತಿದ್ದಳು.

"ಕಂಬಳಿ ತಾ ಅಂತ ಅವತ್ತು ನೀನು ಹೇಳಿದ್ದೆಯಾ ಗೌರಿ?"

"ಊ ಕಣಣ್ಣ, ನಾನೇ ಏಳ್ದೆ," ಎಂದಳು, ತಕ್ಷಣ. ಬಾಚಣಿಗೆ ನಿಲ್ಲಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಯಾಕೆ, ನಾನು ಏಳ್ಳಿಲ್ಲ ಅಂತ ಯಾರಾರ ಅಂದ್ರಾ?" ಎಂದಳು.

ಯಾರೂ ಅಂದಿಲ್ಲ. ಅವಳು ಹೇಳಿದ್ದಳೋ, ನನ್ನನ್ನು ಉಳಿಸಲು ಈಗ ಹೇಳುತ್ತಿದ್ದಾಳೋ ನನಗೆ ಗೊತ್ತಿಲ್ಲ. ನಂಜಮ್ಮನವರನ್ನು ಕೊಂದದ್ದು ದೀಪವೋ ಕಂಬಳಿಯೋ, ಅದೂ ಗೊತ್ತಿಲ್ಲ.